ಲೇಟಪ್ಪ ನಿಲ್ಲಿಸಿದ ಫಾಸ್ಟ್ ಗಾಡಿ

ಆ ದಿನದ ಅವಾಂತರಕ್ಕೆಲ್ಲ ಕಾರಣ ಒಂದು ಅಂಗಿಯ ಗುಂಡಿ.

ಕೊರಳಿನ ಹತ್ತಿರದ ಗುಂಡಿ. ಹೆಂಡತಿ ಸೂಜಿ ಹಿಡಿದು ಅದನ್ನು ಹೊಲಿಯುತ್ತಿದ್ದಳು. ಅಂಗಿಯೊಳಗೆ ಲೇಟಪ್ಪನೂ ಇದ್ದ.

"ವಾರಕ್ಕೆ ಎಷ್ಟು ಗುಂಡಿ ಅಂತ ಹೊಲೀಲಿ? ನೀವು ರೈಲಲ್ಲಿ ಹೋಗ್ತೀರೋ, ಕುಸ್ತಿಗೆ ಹೋಗ್ತೀರೋ? ನಮ್ಮ ಭಾವನ್ನ ನೋಡಿ. ಬೆಳಿಗ್ಗೆ ಹಾಕ್ಕೊಂಡ ಇಸ್ತ್ರಿ ಅಂಗಿ ಸಂಜೆ ಮನೆಗೆ ಬಂದಾಗ್ಲೂ ಹಾಗೇ ಇರುತ್ತಂತೆ. ಹಾಗೇ ಮಡಿಸಿ ಬೀರುಲಿ ಇಡಬಹುದು ಅಂತಾಳೆ ಅಕ್ಕ."

ನಮ್ಮ ಭಾವ ಎಂದರೆ ಅವಳ ಅಕ್ಕನ ಗಂಡ, ಲೇಟಪ್ಪನಿಗೆ ಷಡ್ಡಕ. ಆ ಮಾತು ಕೇಳಿದರೆ ಸಾಕು, ಲೇಟಪ್ಪನ ಹೊಟ್ಟೆಯಲ್ಲಿ ಯಾರೋ ಕೂತು ಒಲೆ ಊದಿದ ಹಾಗಾಗುತ್ತಿತ್ತು. ಷಡ್ಡಕ ಹೊಸ ಚಪ್ಪಲಿ ಹಾಕಿದರೆ ಇವನ ಕಾಲು ಕಚ್ಚುತ್ತಿತ್ತು. ಷಡ್ಡಕ ಸೀನಿದರೂ 'ಎಷ್ಟು ಸಲೀಸಾಗಿ ಸೀನ್ತಾನಲ್ಲ' ಅನ್ನಿಸುತ್ತಿತ್ತು.

ಇಬ್ಬರಿಗೂ ಪೇಟೆಯ ಒಂದೇ ಗಡಿಯಾರದಂಗಡಿಯಲ್ಲಿ ರಿಪೇರಿ ಕೆಲಸ. ಷಡ್ಡಕನ ಮನೆ ಪೇಟೆ ಕಡೆಗೆ ಒಂದೇ ಒಂದು ಸ್ಟೇಷನ್ ಮುಂದೆ. ಆದರೆ ಅಲ್ಲಿ ಫಾಸ್ಟ್ ಗಾಡಿ ನಿಲ್ಲುತ್ತಿತ್ತು, ಇಲ್ಲಿ ನಿಲ್ಲುತ್ತಿರಲಿಲ್ಲ. ಷಡ್ಡಕ ದಿನಾ ಮೊದಲು ಬಂದು ಕಿಟಕಿ ಪಕ್ಕದ ಬೆಳಕಿನ ಮೇಜು ಹಿಡಿಯುತ್ತಿದ್ದ. ಲೇಟಪ್ಪ ಸ್ಲೋ ಗಾಡಿಯಲ್ಲಿ ಹಿಂಡಿದ ಬಟ್ಟೆಯಾಗಿ ಬಂದು ಕತ್ತಲೆ ಮೂಲೆಯಲ್ಲಿ ಕೂರುತ್ತಿದ್ದ. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವವನು ತಾನು ಮಾತ್ರ ದಿನಾ ತಡ. ಹಾಗಾಗಿ ಮಾಲೀಕ ಇಟ್ಟ ಹೆಸರು ಲೇಟಪ್ಪ. ಅಪ್ಪ ಅಮ್ಮ ಇಟ್ಟದ್ದು ಈಗ ಅವನಿಗೇ ಸರಿಯಾಗಿ ನೆನಪಿಲ್ಲ.

ಇವರ ಸ್ಟೇಷನ್ನೋ, ದೇವರಿಗೇ ಪ್ರೀತಿ. ಚಾವಣಿ ಇಲ್ಲ, ಬೆಂಚಿಲ್ಲ. ಧ್ವನಿವರ್ಧಕದಲ್ಲಿ ಯಾರೋ ಬಾಯಿ ಮುಕ್ಕಳಿಸಿದ ಸದ್ದು ಬಂದರೆ ಗಾಡಿ ಬಂತು ಅಂತ ಅರ್ಥ. ಪ್ಲಾಟ್‌ಫಾರ್ಮ್ ಎಷ್ಟು ಮೋಟು ಅಂದರೆ ಮುಂದಿನ ಎರಡು ಡಬ್ಬಿಗೆ ಮಾತ್ರ ಸಾಲುತ್ತಿತ್ತು. ಉಳಿದ ಡಬ್ಬಿಗಳು ಹಿಂದೆ ಚರಂಡಿ ಮೇಲೆ ನೇತಾಡುತ್ತ ನಿಲ್ಲುತ್ತಿದ್ದವು. ಅದಕ್ಕೇ ಇಲ್ಲಿನ ಜನ ಹುಟ್ಟಿದಾಗಿನಿಂದ ಮುಂದಿನ ಡಬ್ಬಿಗೇ ನುಗ್ಗಿ ಕಲಿತವರು. ಮದುವೆಮನೆ ಊಟಕ್ಕೆ ಹೋದರೂ ಮೊದಲ ಸಾಲಿಗೇ ನುಗ್ಗುತ್ತಿದ್ದರು. ಸ್ಟೇಷನ್ನಿನ ಗಡಿಯಾರ ಕೆಟ್ಟು ವರ್ಷಗಳಾಗಿದ್ದವು. ಬಿಟ್ಟಿ ರಿಪೇರಿ ಮಾಡಿಕೊಡ್ತೀನಿ ಅಂತ ಲೇಟಪ್ಪ ಅಂದರೂ ಸ್ಟೇಷನ್ ಮಾಸ್ತರು ಒಪ್ಪಿರಲಿಲ್ಲ. "ಹೊರಗಿನವರು ಮುಟ್ಟೋ ಹಾಗಿಲ್ಲ ಕಣಯ್ಯ. ಒಳಗಿನವರಿಗೆ ಬರಲ್ಲ" ಎಂದಿದ್ದರು.

ಗುಂಡಿ ಹೊಲಿಸಿಕೊಂಡು ಲೇಟಪ್ಪ ಸ್ಟೇಷನ್ ಎದುರಿನ ಕ್ಷೌರದಂಗಡಿ ಹತ್ತಿರ ಬಂದಾಗ ಅಲ್ಲಿ ಜನ ಸೇರಿದ್ದರು. ಅಂಗಡಿಯ ಮೇಲೊಂದು ಪುಟ್ಟ ಮನೆ. 'ಬಾಡಿಗೆಗೆ ಇದೆ' ಎಂಬ ಹಲಗೆ ನೇತುಹಾಕಿ ಹಲಗೆಯೇ ಮುದಿಯಾಗಿತ್ತು. ನಿಲ್ಲದ ಗಾಡಿಯ ಸದ್ದು ಕೇಳಲು ಬಾಡಿಗೆ ಕೊಟ್ಟು ಯಾರು ಬರುತ್ತಾರೆ?

ಕ್ಷೌರಿಕ ಒಬ್ಬನ ಅರ್ಧ ಗಡ್ಡ ಬಿಟ್ಟು ಪೇಪರ್ ಓದುತ್ತಿದ್ದ. "ಬಾರೋ ಲೇಟಪ್ಪ! ರೈಲ್ವೆ ದೊಡ್ಡ ಸಾಹೇಬ್ರು ಇವತ್ತು ಫಾಸ್ಟ್ ಗಾಡಿ ಕೊನೇ ಡಬ್ಬೀಲಿ ಕೂತು ಬರ್ತಾರಂತೆ. ಜನರ ಕಷ್ಟ ಕೇಳಿ, ಏನೇನು ಸರಿಮಾಡಬೇಕೋ ಅಲ್ಲೇ ಆರ್ಡರ್ ಮಾಡ್ತಾರಂತೆ."

"ನಮ್ಮ ಕಷ್ಟಾನೂ ಕೇಳ್ತಾರಾ?"

"ಹೆಂಗೆ ಕೇಳ್ತಾರೆ? ಗಾಡಿ ಇಲ್ಲಿ ನಿಂತ್ರೆ ತಾನೆ? ಮುಂದಿನ ಸ್ಟೇಷನ್ನಲ್ಲಿ ಇಳೀತಾರೆ. ಅಲ್ಲಿ ಸ್ವಾಗತ ಮಾಡೋದು ನಿನ್ನ ಷಡ್ಡಕನೇ. ಇವತ್ತು ರಜಾ ಹಾಕಿ ವೇದಿಕೆ ಕಟ್ಟಿಸವ್ನೆ. ಎಸ್ಕಲೇಟರ್ ಬೇಕು ಅಂತ ಕೇಳ್ತಾನಂತೆ."

"ಎಸ್ಕಲೇಟರ್ರಾ!" ಎಂದ ಲೇಟಪ್ಪ. ಇಲ್ಲಿ ನಿಲ್ಲಲು ನೆಲವಿಲ್ಲ. ಅವನಿಗೆ ಮೆಟ್ಟಿಲೂ ತಾನಾಗಿ ನಡೆಯಬೇಕು!

"ನೀನೂ ಇದ್ದೀಯ" ಎಂದಳು ಇಸ್ತ್ರಿ ಅಜ್ಜಿ, ಪಕ್ಕದ ಗಾಡಿಯಿಂದ. "ದಿನಾ ನಿನ್ನ ಅಂಗಿ ಇಸ್ತ್ರಿ ಮಾಡ್ತೀನಿ, ದಿನಾ ಮುದ್ದೆಯಾಗಿ ಬರ್ತೀಯ. ಗಂಡಸಾದ್ರೆ ಆ ಗಾಡಿ ಒಂದ್ಸಲ ಇಲ್ಲಿ ನಿಲ್ಲಿಸು ನೋಡೋಣ."

ಅಜ್ಜಿ ಅಂದದ್ದು ತಮಾಷೆಗೆ. ಲೇಟಪ್ಪನ ತಲೆಯಲ್ಲಿ ಮಾತ್ರ ಗಿರ್ರ್ ಅಂತ ಸ್ಪ್ರಿಂಗ್ ಬಿಚ್ಚಿತು.

ಅವನು ಪೇಟೆಗೆ ಹೋಗಲಿಲ್ಲ. ಎದುರು ದಿಕ್ಕಿನ ಸ್ಲೋ ಗಾಡಿ ಹತ್ತಿ ಹಿಂದಿನ ದೊಡ್ಡ ಸ್ಟೇಷನ್ನಿಗೆ ಹೋಗಿ, ಸಾಹೇಬರು ಕೂತಿದ್ದ ಫಾಸ್ಟ್ ಗಾಡಿಯನ್ನೇ ಕಾದು ಹತ್ತಿದ. ಅಭ್ಯಾಸಬಲ, ಹತ್ತಿದ್ದು ಮುಂದಿನ ಡಬ್ಬಿಗೆ. ಆಹಾ, ಫಾಸ್ಟ್ ಗಾಡಿ! ಕಾಲಿಡಲು ಜಾಗವಿತ್ತು, ಎರಡೂ ಕಾಲಿಗೆ! ಫ್ಯಾನ್ ತಿರುಗುತ್ತಿತ್ತು. 'ಈ ಗಾಳಿಯನ್ನ ಅವನು ದಿನಾ ಕುಡೀತಾನೆ' ಅಂದುಕೊಂಡಾಗ ತಂಪು ಗಾಳಿಯೂ ಅವನಿಗೆ ಉರಿಯಾಯಿತು.

ತಮ್ಮ ಸ್ಟೇಷನ್ ಬಂತು. ಲೇಟಪ್ಪ ಕಣ್ಣು ಮುಚ್ಚಿ, ಷಡ್ಡಕನ ಕಿವಿ ನೆನೆಸಿಕೊಂಡು, ಚೈನ್ ಹಿಡಿದು ಜಗ್ಗಿದ.

ಗಾಡಿ ಕೀಚೆಂದು ಕಿರುಚಿ ನಿಂತಿತು. ಕಿಟಕಿಯಿಂದ ನೋಡಿದರೆ ತನ್ನ ಡಬ್ಬಿ ಸರಿಯಾಗಿ ಪ್ಲಾಟ್‌ಫಾರ್ಮಿನಲ್ಲಿ! 'ಭಲೇ' ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಸಾಹೇಬರು ಇರುವುದು ಕೊನೆಯ ಡಬ್ಬಿಯಲ್ಲಿ ಎಂಬುದು ಆಮೇಲೆ ಹೊಳೆಯಿತು.

ಕೊನೆಯ ಡಬ್ಬಿ ನಿಂತದ್ದು ಪ್ಲಾಟ್‌ಫಾರ್ಮಿನಿಂದ ಎಷ್ಟೋ ಹಿಂದೆ, ಹಳಿಗೆ ಒತ್ತಿಕೊಂಡಿದ್ದ ಒಂದು ಹಂಚಿನ ಮನೆಯ ಮಗ್ಗುಲಲ್ಲಿ. ಆ ಮನೆಯಲ್ಲಿ ಬಾಡಿಗೆಗಿದ್ದವನು ಲೇಟಪ್ಪನೇ. ಗಾಡಿ ಹೋದಾಗಲೆಲ್ಲ ಗೋಡೆಯ ಮೇಲಿನ ಸೌಟುಗಳು ತಾಳ ಹಾಕುತ್ತಿದ್ದ ಮನೆ. ಏನಾಯಿತೆಂದು ನೋಡಲು ಸಾಹೇಬರು ಬಾಗಿಲು ತೆರೆದು ಗತ್ತಿನಿಂದ ಕಾಲು ಹೊರಗಿಟ್ಟರು. ಕಾಲಿಗೆ ನೆಲ ಸಿಗಲಿಲ್ಲ. ಸಿಕ್ಕಿದ್ದು ಲೇಟಪ್ಪನ ಹೆಂಡತಿ ಆಗತಾನೇ ಒಣಹಾಕಿದ್ದ ಒದ್ದೆ ಬೆಡ್‌ಶೀಟು. ಅದನ್ನು ಸುತ್ತಿಕೊಂಡೇ ದೊಪ್ಪೆಂದು ಹಿತ್ತಿಲಿಗೆ ಬಿದ್ದರು.

ಹಿತ್ತಿಲಲ್ಲಿ ಬೆಡ್‌ಶೀಟು ಎದ್ದು ಓಡಾಡುವುದನ್ನು ಕಂಡ ಹೆಂಡತಿ ಹೆದರಲಿಲ್ಲ. ಒದ್ದೆ ಟವಲನ್ನು ಹಗ್ಗದ ಹಾಗೆ ಹಿಂಡಿ ಎರಡು ಬಾರಿಸಿದಳು. "ಕಳ್ಳ ಮುಂಡೇಗಂಡ! ಹಗಲು ಹೊತ್ತಲ್ಲೇ ಬಟ್ಟೆ ಕದಿಯೋಕೆ ರೈಲಲ್ಲಿ ಬಂದಿದ್ದೀಯಾ?"

"ನಾನು ರೈಲ್ವೆ ಸಾಹೇಬ್ರಮ್ಮಾ!" ಎಂದಿತು ಬೆಡ್‌ಶೀಟು.

"ಓಹೋ, ರೈಲ್ವೆಯವರಾ? ಹಾಗಾದ್ರೆ ಇನ್ನೆರಡು ತಗೊಳ್ಳಿ!"

ಲೇಟಪ್ಪ ಹಳಿ ಪಕ್ಕ ಏದುಸಿರು ಬಿಡುತ್ತ ಓಡಿಬಂದ. ಹಿಂದೆಯೇ ಅರ್ಧ ಗಡ್ಡದವನ ಸಮೇತ ಕ್ಷೌರಿಕ, ಇಸ್ತ್ರಿ ಅಜ್ಜಿ, ಇಡೀ ಬೀದಿ. ಅಷ್ಟರಲ್ಲಿ ಸಾಹೇಬರನ್ನು ಬಿಡಿಸಿ ಅಂಗಳದ ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ತಣ್ಣೀರು ಬಟ್ಟೆ ಕಟ್ಟಿಯಾಗಿತ್ತು. ಹೆಂಡತಿ ಮಾತ್ರ ನಿಲ್ಲಿಸಿರಲಿಲ್ಲ. "ನೀವು ಒಂದ್ಸಲ ಬಿದ್ರಿ. ನಮ್ಮವರು ದಿನಾ ಬೀಳ್ತಾರೆ. ಅಲ್ಲಿ ನಮ್ಮ ಭಾವನ ಸ್ಟೇಷನ್ ನೋಡಿ, ಅರಮನೆ! ಇಲ್ಲಿ ಒಂದು ಬೆಂಚಿದೆಯಾ? ನೆರಳಿದೆಯಾ?"

ಗಾರ್ಡ್ ಸೀಟಿ ಊದುತ್ತ ಬಂದ. "ಯಾರು ಚೈನ್ ಎಳೆದಿದ್ದು?"

ಲೇಟಪ್ಪ ಮೊದಲು ಅರ್ಧ ಗಡ್ಡದವನ ಹಿಂದೆ ಸರಿದ. ಆದರೆ ಈಗ ಬಾಯಿಬಿಡದಿದ್ದರೆ ಕೀರ್ತಿಯೆಲ್ಲ ಬೇರೆಯವರ ಪಾಲು. "ನಾನೇ ಸ್ವಾಮಿ" ಎಂದ. "ಫಾಸ್ಟ್ ಗಾಡಿ ಇಲ್ಲಿ ನಿಂತ್ರೆ ಹೇಗಿರುತ್ತೆ ಅಂತ ತಾವೇ ನೋಡಲಿ ಅಂತ."

"ನೋಡಿದೆ ಕಣಯ್ಯ" ಎಂದರು ಸಾಹೇಬರು ಸೊಂಟ ಹಿಡಿದು. "ಮೂಳೆ ಮೂಳೆಗೂ ಗೊತ್ತಾಯ್ತು. ಗಾರ್ಡೇ, ಇವನನ್ನ ಬಿಡು. ಇವನು ನಿಲ್ಲಿಸದೆ ಇದ್ರೆ ನಾನು ಅಲ್ಲಿ ಎಸ್ಕಲೇಟರ್ ಕೊಟ್ಟು ಮನೆಗೆ ಹೋಗ್ತಿದ್ದೆ." ಜೊತೆಗಿದ್ದ ಎಂಜಿನಿಯರನ ಕಡೆ ತಿರುಗಿದರು. "ನಾಳೆಯಿಂದ ಫಾಸ್ಟ್ ಗಾಡಿ ಈ ಸ್ಟೇಷನ್ನಲ್ಲಿ ನಿಲ್ಲಲಿ."

ಜನ ಹೋ ಎಂದರು. ಇಸ್ತ್ರಿ ಅಜ್ಜಿ ಸಿಳ್ಳೆ ಹೊಡೆದಳು.

"ಸಾರ್, ಪಕ್ಕಪಕ್ಕದ ಎರಡು ಸ್ಟೇಷನ್ನಲ್ಲೂ ನಿಂತ್ರೆ ಅದು ಫಾಸ್ಟ್ ಗಾಡಿ ಹೇಗಾಗುತ್ತೆ?" ಎಂದ ಎಂಜಿನಿಯರ.

"ಹಾಗಾದ್ರೆ ಮುಂದಿನ ಸ್ಟೇಷನ್ನಲ್ಲಿ ನಿಲ್ಲಿಸೋದು ಬೇಡ. ಅಲ್ಲಿ ಇನ್ಮೇಲೆ ಸ್ಲೋ ಗಾಡಿ ಮಾತ್ರ."

ಲೇಟಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ತನಗೆ ಗಾಡಿ ಸಿಕ್ಕಿದ ಖುಷಿ ಒಂದು ಪಾಲಾದರೆ, ಷಡ್ಡಕನಿಗೆ ತಪ್ಪಿದ ಖುಷಿ ಹತ್ತು ಪಾಲು. ಅದೇ ಹೊತ್ತಿಗೆ ಷಡ್ಡಕ, ವೇದಿಕೆಯಲ್ಲಿ ಕಾದು ಕಾದು ಸಾಕಾಗಿ, ಆಟೋ ಹಿಡಿದು ಬಂದಿಳಿದ. ಕೈಯಲ್ಲಿ ಬಾಡಿದ ಹೂಗುಚ್ಛ. ಅಂಗಿ ಮಾತ್ರ ಆಗತಾನೇ ಇಸ್ತ್ರಿ ಪೆಟ್ಟಿಗೆಯಿಂದ ಎದ್ದು ಬಂದ ಹಾಗಿತ್ತು. ಲೇಟಪ್ಪ ಅವನ ಹತ್ತಿರ ಹೋಗಿ, ಕಿವಿಗೆ ಕೇಳುವಷ್ಟು ಮೆಲ್ಲಗೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, "ಷಡ್ಡಕರೇ, ನಾಳೆಯಿಂದ ಸ್ವಲ್ಪ ಬೇಗ ಎದ್ದೇಳಿ. ನಿಮ್ಮದಿನ್ನು ಸ್ಲೋ ಗಾಡಿ" ಎಂದ.

ಷಡ್ಡಕನ ಮುಖ ನಿಂತ ಗಡಿಯಾರದ ಹಾಗಾಯಿತು. ಲೇಟಪ್ಪ ಅದನ್ನು ಕಣ್ತುಂಬ ನೋಡಿದ. ಎಷ್ಟು ನೋಡಿದರೂ ಸಾಲದು.

"ಪ್ಲಾಟ್‌ಫಾರ್ಮ್ ಎಲ್ಲೀವರೆಗೆ ಉದ್ದ ಮಾಡಬೇಕು?" ಎಂಜಿನಿಯರ ಕೇಳಿದ.

"ಸಾಹೇಬ್ರು ಎಲ್ಲಿ ಬಿದ್ರೋ ಅಲ್ಲೀವರೆಗೆ!" ಎಂದು ಕೂಗಿದ ಲೇಟಪ್ಪ. "ಒಂದು ಗೇಣೂ ಕಡಿಮೆ ಮಾಡಬೇಡಿ ಸ್ವಾಮಿ!"

"ಸರಿ, ಈ ಟೇಪ್ ಹಿಡ್ಕೊ."

ಲೇಟಪ್ಪ ಟೇಪಿನ ತುದಿ ಹಿಡಿದು ಪ್ಲಾಟ್‌ಫಾರ್ಮಿನಿಂದ ಹೊರಟ. ಒಂದು ಕಣ್ಣು ಷಡ್ಡಕನ ಸಪ್ಪೆ ಮುಖದ ಮೇಲೇ ಇತ್ತು. ನಗುತ್ತ ನಗುತ್ತ ಮನೆಯ ಮುಂಬಾಗಿಲು ದಾಟಿದ. ನಡುಮನೆ ದಾಟಿದ. ಅಡಿಗೆಮನೆಯಲ್ಲಿ ಸೌಟಿಗೆ ಸಿಕ್ಕಿಕೊಂಡ ಟೇಪನ್ನು ಬಿಡಿಸಿಕೊಂಡ. ಹಿಂಬಾಗಿಲಿನಿಂದ ಹಿತ್ತಿಲಿಗೆ ಬಂದು, ಸಾಹೇಬರು ಬಿದ್ದ ಜಾಗದಲ್ಲೇ ನಿಂತು, "ಇಲ್ಲೀವರೆಗೆ!" ಎಂದು ಕೂಗಿದ.

"ರೀ" ಎಂದಳು ಹೆಂಡತಿ. ದನಿ ಯಾಕೋ ತೆಳ್ಳಗಿತ್ತು. "ಟೇಪು ನಮ್ಮ ಒಲೆ ಮೇಲೆ ಹೋಗಿದೆ."

ಲೇಟಪ್ಪ ತಿರುಗಿ ನೋಡಿದ. ಎಂಜಿನಿಯರನ ಆಳು ಆಗಲೇ ಮನೆಯ ಗೋಡೆಗೆ ಸುಣ್ಣದಲ್ಲಿ ದೊಡ್ಡ ಗೆರೆ ಎಳೆಯುತ್ತಿದ್ದ.

"ಸ್ವಾಮಿ, ಇದು ಮನೆ!"

"ಹೌದು. ಮನೆ ಇರೋದು ರೈಲ್ವೆ ಜಾಗದಲ್ಲಿ. ಬಾಡಿಗೆ ಮನೆ ತಾನೆ? ವಾರದೊಳಗೆ ಖಾಲಿ ಮಾಡಿ, ಕೆಲಸ ಶುರುವಾಗುತ್ತೆ" ಎಂದ ಎಂಜಿನಿಯರ. ಸಾಹೇಬರು ಲೇಟಪ್ಪನ ಭುಜ ತಟ್ಟಿ, "ಊರಿಗೋಸ್ಕರ ಮನೆ ಬಿಟ್ಟುಕೊಡೋರು ಈ ಕಾಲದಲ್ಲಿ ಎಲ್ಲಿದ್ದಾರೆ?" ಎಂದು ಷಡ್ಡಕನ ಹೂಗುಚ್ಛ ತೆಗೆದು ಇವನ ಕೈಗಿಟ್ಟು ಗಾಡಿ ಹತ್ತಿದರು. ಈ ಸಲ ಏಣಿ ಹಾಕಿಸಿಕೊಂಡು.

ಗಾಡಿ ಹೋಯಿತು. ಜನ ಲೇಟಪ್ಪನನ್ನು ಹೊಗಳುತ್ತ ಚದುರಿದರು. ಹೆಂಡತಿ ಅಂಗಳದ ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಮೂಗೊರೆಸಿದಳು. ಷಡ್ಡಕ ಎಲ್ಲೂ ಕಾಣಲಿಲ್ಲ. 'ಹೊಟ್ಟೆ ಉರಿದು ಓಡಿಹೋದ' ಎಂದುಕೊಂಡು, ಅಷ್ಟಕ್ಕೇ ಲೇಟಪ್ಪ ಸಮಾಧಾನ ಮಾಡಿಕೊಂಡ.

ಸ್ವಲ್ಪ ಹೊತ್ತಿಗೆ ಷಡ್ಡಕ ಸ್ಟೇಷನ್ ಕಡೆಯಿಂದ ಬೆರಳಲ್ಲಿ ಏನನ್ನೋ ಗಿರಗಿರ ತಿರುಗಿಸುತ್ತ ಬಂದ. ಬೀಗದ ಕೈ.

"ಅಳಬೇಡಮ್ಮ" ಎಂದ ಲೇಟಪ್ಪನ ಹೆಂಡತಿಗೆ. "ನಾನಿರುವಾಗ ನೀವು ಬೀದಿಗೆ ಬೀಳ್ತೀರಾ? ನಮ್ಮ ಮನೆ ಖಾಲಿಯಾಗ್ತಾ ಇದೆ. ನೀವಿಬ್ರೂ ಅಲ್ಲಿಗೇ ಬಂದುಬಿಡಿ."

"ಭಾವ, ನೀವು ದೇವರು!" ಎಂದಳು ಅವಳು. ಗಂಡನ ಕಡೆ ತಿರುಗಿ, "ನೋಡಿ, ಕಲಿತುಕೊಳ್ಳಿ" ಎಂದೂ ಸೇರಿಸಿದಳು.

"ಖಾಲಿ ಯಾಕೆ ಆಗ್ತಿದೆ?" ಲೇಟಪ್ಪ ಮೆಲ್ಲಗೆ ಕೇಳಿದ. "ನೀವೆಲ್ಲಿಗೆ ಹೋಗ್ತೀರಿ?"

"ಇಲ್ಲಿಗೇ. ಕ್ಷೌರದಂಗಡಿ ಮೇಲಿನ ಮನೆ. ಈಗಷ್ಟೇ ಮಾತಾಡಿ ಹಲಗೆ ಇಳಿಸಿ ಬಂದೆ. ಮೆಟ್ಟಿಲು ಇಳಿದ್ರೆ ಫಾಸ್ಟ್ ಗಾಡಿ. ಎಲ್ಲ ನಿಮ್ಮ ಉಪಕಾರ ಷಡ್ಡಕರೇ." ಅವನು ಲೇಟಪ್ಪನ ಕೊರಳಿನ ಗುಂಡಿ ನೇತಾಡುತ್ತಿದ್ದುದನ್ನು ಕಂಡು ಪ್ರೀತಿಯಿಂದ ಸರಿಮಾಡಿದ. ಅದು ಕೈಗೇ ಬಂತು. ಅದನ್ನು ಲೇಟಪ್ಪನ ಜೇಬಿಗೆ ಹಾಕಿ, "ನಿಮ್ಮ ಸ್ಲೋ ಗಾಡಿ ನಮ್ಮ ಹಳೇ ಸ್ಟೇಷನ್ನಿಗೆ ಬರೋ ಹೊತ್ತಿಗೆ ಇನ್ನೂ ಜಾಸ್ತಿ ತುಂಬಿರುತ್ತೆ. ಮುಂದಿನ ಡಬ್ಬಿಗೆ ಮಾತ್ರ ನುಗ್ಗಬೇಡಿ ಆಯ್ತಾ? ಅಲ್ಲಿ ಪ್ಲಾಟ್‌ಫಾರ್ಮ್ ಉದ್ದ ಇದೆ" ಎಂದ.