ಸವಳುನೀರಿನ ಖಾತೆ

ನಮ್ಮ ಚಿಕ್ಕಮ್ಮನ ಪ್ರಕಾರ ಈ ಲೋಕದಲ್ಲಿರುವುದು ಒಬ್ಬನೇ ಮನುಷ್ಯ. ಉಳಿದವರೆಲ್ಲ ಅವನ ನಕಲಿ ಖಾತೆಗಳು!

ಹಿರಿಯೂರಿನ ಮನೆಯಲ್ಲಿ ಕುಳಿತೇ ಆಕೆ ಒಂದು ಕನ್ನಡ ಜಾಲತಾಣ ಕಾಯುತ್ತಾರೆ. ಅಲ್ಲಿ ತಮ್ಮ ಊರಿನ ಬಗ್ಗೆ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಒಬ್ಬರಿಗೆ ಒಂದೇ ಖಾತೆ. ಎರಡು ಹೆಸರಲ್ಲಿ ಬಂದವರಿಗೆ ಚಿಕ್ಕಮ್ಮ ಬೀಗ ಜಡಿಯುತ್ತಾರೆ. ಸಿಕ್ಕಿಬಿದ್ದವನೊಬ್ಬ ಸಿಟ್ಟಿನಲ್ಲಿ 'ಮುದಿ ಗೂಬೆ' ಎಂದು ಬರೆದ. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಚಿಕ್ಕಮ್ಮ ಅದರ ಕೆಳಗೆ ಬರೆದರು: 'ಇದಕ್ಕೆ ಆಧಾರ ಕೊಡಿ.'

ಈ ಪತ್ತೇದಾರಿಕೆ ಜಾಲತಾಣದಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲುತ್ತದೆಯೇ? ಹೊಸದುರ್ಗದ ಮದುವೆಯೊಂದರಲ್ಲಿ ಹುಡುಗಿಯ ಇಬ್ಬರು ಅಣ್ಣಂದಿರೂ ಒಬ್ಬರ ಹಿಂದೊಬ್ಬರು ಬಂದು, "ಹೋಳಿಗೆ ಹಾಕಿಸ್ಕಳ್ರಿ, ನಾಚ್ಕಬ್ಯಾಡ್ರಿ" ಎಂದರು. ಚಿಕ್ಕಮ್ಮ ನನ್ನ ತೊಡೆ ಚಿವುಟಿದರು.

"ನೋಡ್ದೇನೋ? ಅದೇ ಮಾತು, ಅದೇ ಅಲ್ಪವಿರಾಮ! ಇಬ್ರೂ ಒಬ್ನೇ!"

"ಅವ್ರು ಅವಳಿ-ಜವಳಿ ಚಿಕ್ಕಮ್ಮ."

"ಹಂಗಂತ ಅವ್ರೇ ಹೇಳ್ಕಂಡಿರೋದು!"

ಹೀಗಿರುವಾಗ ಹರಿಯಬ್ಬೆ ಎಂಬ ಊರಿನ ಪುಟದ ಬಗ್ಗೆ ಯಾರೋ ದೂರು ಕೊಟ್ಟರು. 'ಹಿರಿಯ' ಎಂಬ ಖಾತೆಯವರು ಅಲ್ಲಿ 'ನಮ್ಮೂರ ಬಾವಿಯ ನೀರು ಸಿಹಿ' ಎಂದು ಬರೆಯುವುದು. 'ಸವಳುನೀರು' ಎಂಬ ಖಾತೆ ಅದನ್ನು ಅಳಿಸಿ, 'ಕೂತಲ್ಲೇ ಕುಡಿಯುವವರಿಗೆ ಸಿಹಿ! ಅದರಲ್ಲಿ ಬೇಳೆ ಬೇಯಿಸಿದವರನ್ನು ಕೇಳಿ' ಎಂದು ಝಾಡಿಸುವುದು. ತಿಂಗಳುಗಟ್ಟಲೆ ಇದೇ ಜಗಳ. ಆದರೆ ಎರಡು ಖಾತೆಗಳೂ ಬರುತ್ತಿದ್ದುದು ಒಂದೇ ಫೋನಿನಿಂದ!

"ತನ್ ಜೊತೆ ತಾನೇ ಜಗಳ ಆಡೋನು ಎಂಥ ಕಿಲಾಡಿ ಇರ್ಬೇಕು! ನಡಿಯೋ, ನೋಡ್ಕಂಡೇ ಬರಾಣ."

ವಿಳಾಸಕ್ಕೆ ಪರದಾಡಬೇಕಿರಲಿಲ್ಲ. 'ಹಿರಿಯ' ಖಾತೆಯವರು ತಮ್ಮ ಪರಿಚಯದಲ್ಲೇ 'ಮನೆ ಬಾವಿಯ ಪಕ್ಕ, ಬಂದರೆ ಉಂಡು ಹೋಗಿ' ಎಂದು ಬರೆದಿದ್ದರು.

ಜಗಲಿಯ ಮೇಲೆ ಕಣ್ಣು ಕಾಣದ ಮುದುಕರೊಬ್ಬರು ಕುಳಿತಿದ್ದರು. ಬಾಗಿಲ ಮರೆಯಲ್ಲಿ ಸೊಸೆ, ಕೈಯಲ್ಲಿ ಫೋನು. ಚಿಕ್ಕಮ್ಮ ಜಾಲತಾಣದ ಹೆಸರು ಹೇಳಿ, 'ಹಿರಿಯ' ಯಾರೆಂದು ಕೇಳಿದರು.

"ನಾನು ಹೇಳ್ತೀನಿ, ನನ್ ಸೊಸೆ ಬರೀತಾಳೆ," ಎಂದರು ಮುದುಕರು.

"ಮತ್ತೆ ಆ ಸವಳುನೀರು ಯಾರು ಯಜಮಾನ್ರೆ? ಬೀಗ ಹಾಕಾಕೇ ಬಂದಿದೀನಿ," ಎಂದರು ಚಿಕ್ಕಮ್ಮ.

ಸೊಸೆಯ ಮುಖ ಬಿಳಿಚಿಕೊಂಡಿತು. ನೀರು ತರುವ ನೆಪದಲ್ಲಿ ಒಳಗೆ ಓಡಿದಳು. ಮುದುಕರು ದನಿ ತಗ್ಗಿಸಿದರು.

"ಅವ್ಳೇ ಕಣಮ್ಮ. ನಂಗೆ ಗೊತ್ತಿಲ್ಲ ಅನ್ಕಂಡವ್ಳೆ. ಆ ಬೈಗುಳ ಓದಿ ಹೇಳೋವಾಗ ಅವಳ ದನಿನೇ ಬೇರೆ ಆಗ್ತೈತೆ! ಮದ್ವೆಯಾಗಿ ಬಂದಾಗ್ನಿಂದ ನನಗೆ ಒಂದು ಮಾತು ಎದುರಾಡಿಲ್ಲ. ಮಾವನ ಮುಂದೆ ಬಾಯಿ ಬಿಡಬಾರ್ದು ಅಂತ ನಾವೇ ಕಲಿಸಿದ್ವಿ. ಈಗ ಅಲ್ಲೊಂದ್ ಕಡೆ ಬಿಡ್ತಾಳೆ. ಬೀಗ ಹಾಕ್ಬ್ಯಾಡ ತಾಯಿ."

ಸೊಸೆ ನೀರು ತಂದಳು. ಚಿಕ್ಕಮ್ಮ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಅಲ್ಲೇ ಫೋನಿನಲ್ಲಿ ತೀರ್ಪು ಬರೆದರು: 'ವಿಚಾರಿಸಿದ್ದೇನೆ. ಇಬ್ಬರೂ ಬೇರೆ ಬೇರೆ. ನೀರು ಸವಳು.'

"ಆಧಾರ ಕೇಳಿದ್ರೆ?" ಎಂದು ಬಸ್ಸಿನಲ್ಲಿ ಕೆಣಕಿದೆ.

ಹಿರಿಯೂರು ಹತ್ತಿರವಾದಾಗ ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮಾವ ಇದ್ದಾಗ," ಎಂದರು, "ನಂಗೂ ಅಂಥದ್ದೊಂದು ಖಾತೆ ಇರ್ಬೇಕಿತ್ತು ಕಣೋ."