ಲಗ್ನಪತ್ರಿಕೆಯ ಪ್ಯಾಕಿಂಗು

ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವನ ಬಾಳಿನಲ್ಲಿ ನಗೆಪಾಟಲಿಗೆ ಕೊರತೆಯಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರನಾಗಿದ್ದವನು. ಹಳ್ಳಿಗಳಲ್ಲಿ ಮರ್ಯಾದೆಗೆ ಡಾಕ್ಟ್ರು ಅನ್ನುತ್ತಿದ್ದರು. ನನ್ನ ಗಾಡಿಯ ಇಂಜಿನ್ನಿನ ಬಲಮಗ್ಗುಲಿಗೆ ಟೈಮಿಂಗ್ ಕವರ್ ಎಂಬ ಮುಚ್ಚಳವಿದೆ. ಒಳಗಿನ ಗಿಯರುಗಳನ್ನು ಮುಚ್ಚುವುದು, ಎಣ್ಣೆ ಹೊರಗೆ ಬಾರದಂತೆ ತಡೆಯುವುದು, ಇವೆರಡೇ ಅದರ ಕೆಲಸ. ನನ್ನದು ಮೊದಲನೆಯದನ್ನು ಮಾತ್ರ ಮಾಡುತ್ತಿತ್ತು.

೧. ಕುರುಗೋಡಿನಲ್ಲಿ

ಮದುವೆಯಾದ ಹೊಸತು. ಹೆಂಡತಿ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವಳು. ನಾನು ಗಾಡಿ ತಂದು ನಿಲ್ಲಿಸಿದೆನೆಂದರೆ ಸರಿಯಾಗಿ ಅದರ ನಡುವೆ ಎಣ್ಣೆ ತೊಟ್ಟಿಕ್ಕುವುದು.

"ರಂಗೋಲಿಗೆ ಕರೀ ಕುಂಕುಮ ಇಡಾಕ ನಿಮ್ಮ ಗಾಡಿಗೆ ಯಾರು ಹೇಳ್ಯಾರ್ರಿ?" ಅನ್ನುವಳು.

ಒಂದು ಭಾನುವಾರ ಮೆಕ್ಯಾನಿಕ್ ಉಸ್ತಾದನನ್ನು ಮನೆಗೇ ಕರೆತಂದೆ. ಅವನು ಒಂದೊಂದೇ ಸ್ಕ್ರೂ ಬಿಚ್ಚಿ, ಅದೇ ಕ್ರಮದಲ್ಲಿ ಒಂದು ರಟ್ಟಿಗೆ ಚುಚ್ಚಿಟ್ಟು, ಕವರ್ ತೆಗೆದ. "ಪ್ಯಾಕಿಂಗ್ ಹರದೈತ್ರಿ ಡಾಕ್ಟ್ರ. ದಪ್ಪ ಕಾಗದ ಇದ್ರ ಕೊಡ್ರಿ" ಅಂದ. ಕವರಿಗೂ ಇಂಜಿನ್ನಿಗೂ ನಡುವೆ ಕೂರುವ ಕಾಗದದ ಪಟ್ಟಿಯೇ ಪ್ಯಾಕಿಂಗು.

ಹೆಂಡತಿ ಒಳಗೆ ಹೋಗಿ ಟ್ರಂಕಿನಿಂದ ಮಿಕ್ಕಿದ್ದ ಲಗ್ನಪತ್ರಿಕೆಯೊಂದನ್ನು ತಂದಳು.

"ಏ, ಅದು ನಮ್ಮ ಲಗ್ನದ್ದು!"

"ಟ್ರಂಕಿನ್ಯಾಗ ಸುಮ್ನ ಮಕ್ಕೊಂಡೈತಿ. ಅಲ್ಲಾರ ಒಂದು ಕೆಲಸ ಮಾಡ್ಲಿ ಬಿಡ್ರಿ."

ಉಸ್ತಾದ ಪತ್ರಿಕೆಯನ್ನು ಕವರಿನ ಮೇಲಿಟ್ಟು, ಅಂಚಿನ ಗುಂಟ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕತ್ತರಿಸಿದ. ನನ್ನ ಹೆಸರಿದ್ದ ತುಂಡು ಮಣ್ಣಿಗೆ ಬಿತ್ತು. ಆಕೆಯ ಹೆಸರು ಪ್ಯಾಕಿಂಗಿನಲ್ಲಿ ಉಳಿಯಿತು. ಎಣ್ಣೆ ನಿಂತೇಬಿಟ್ಟಿತು.

"ನೋಡಿದ್ರ್ಯಾ, ಎಣ್ಣಿ ತಡಿಯಾಕೂ ನನ್ನ ಹೆಸರ ಬೇಕಾತು" ಅಂದಳು.

೨. ರಾರಾವಿಯಲ್ಲಿ

ಎಷ್ಟೋ ವರ್ಷ ಒಂದು ತೊಟ್ಟೂ ಬೀಳಲಿಲ್ಲ. ಆಮೇಲೆ ಸಿರುಗುಪ್ಪಕ್ಕೆ ವರ್ಗವಾಯಿತು. ಒಂದು ದಿನ ರಾರಾವಿಯಲ್ಲಿ ರೈತನೊಬ್ಬನ ಎಮ್ಮೆಗೆ ಭೇದಿ ಎಂದು ಹೋಗಿದ್ದೆ. ಔಷಧ ಕುಡಿಸಿ ಹೊರಗೆ ಬಂದರೆ ಕವರಿನ ಸ್ಕ್ರೂ ಒಂದು ಸಡಿಲಾಗಿ ಕಂಡಿತು. ಬಿಗಿಮಾಡಿ ಸುಮ್ಮನೆ ಬರಬಾರದೆ? ನನ್ನೊಳಗಿನ ಉಸ್ತಾದ ಎದ್ದ. ಎಲ್ಲ ಸ್ಕ್ರೂ ಬಿಚ್ಚಿ ಒರೆಸಿ ಜೇಬಿಗೆ ಹಾಕಿಕೊಂಡೆ. ಅವುಗಳಲ್ಲಿ ಉದ್ದ ಬೇರೆ, ಗಿಡ್ಡ ಬೇರೆ ಇರುತ್ತವೆ ಎಂಬುದು ಗಿಡ್ಡದರ ತೂತಿಗೆ ಉದ್ದದ್ದನ್ನು ಹಾಕಿ ತಿರುಗಿಸಿದಾಗ ಗೊತ್ತಾಯಿತು. ಟಪ್ಪೆಂದು ಕವರಿನ ಅಂಚು ಸೀಳಿತು. ಎಣ್ಣೆ ಇಳಿಯತೊಡಗಿತು.

ರೈತ ಎಮ್ಮೆಯನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. "ಡಾಕ್ಟ್ರ, ನಮ್ಮ ಎಮ್ಮೀದು ನಿಂತೈತ್ರಿ. ಬಾಟ್ಲ್ಯಾಗ ಔಷಧ ಇನ್ನಾ ಉಳದೈತಿ, ಇದಕ್ಕೂ ಎರಡು ಗುಟುಕು ಹಾಕ್ರಿ."

೩. ಬಳ್ಳಾರಿಯ ಬಾಗಿಲಲ್ಲಿ

"ಹೊಸಾ ಕವರ್ ಹಾಕಸ್ರಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. "ನಾಳಿ ಹಾಕಸ್ತೀನಿ, ಖರೇ" ಎಂದು ನಾನು ಮಾತು ಕೊಡುತ್ತಲೇ ಇದ್ದೆ. ನಿವೃತ್ತನಾಗಿ ಬಳ್ಳಾರಿಗೆ ಬಂದರೂ ಆ ನಾಳೆ ಬರಲಿಲ್ಲ. ಆಕೆಯೇ ಸೋತು, ಎಣ್ಣೆ ಬೀಳುವಲ್ಲಿ ತಟ್ಟೆಯಷ್ಟು ಜಾಗ ಬಿಟ್ಟು ಸುತ್ತಲೂ ರಂಗೋಲಿ ಹಾಕುವುದನ್ನು ರೂಢಿಮಾಡಿಕೊಂಡಳು.

ಹೋದ ವರ್ಷ ಆಕೆ ಹೋದಳು. ಎರಡೇ ದಿನದ ಜ್ವರ. ಇಷ್ಟು ಸಣ್ಣ ಮಾತನ್ನೂ ನಾನು ನಡೆಸಿಕೊಡಲಿಲ್ಲ.

ಕರ್ಮಾದಿಗಳು ಮುಗಿದ ಮೇಲೂ ಬಾಗಿಲು ಬರಿದಾಗಿರುವುದನ್ನು ನೋಡಲಾಗದೆ, ಒಂದು ಬೆಳಿಗ್ಗೆ ನಾನೇ ರಂಗೋಲಿ ಬಟ್ಟಲು ಹಿಡಿದು ಕೂತೆ. ಎದುರುಮನೆಯ ಅಜ್ಜಿ ಬಂದು ಬಹಳ ಹೊತ್ತು ನಿಂತು ನೋಡಿದಳು. ಸಮಾಧಾನದ ಮಾತು ಹೇಳುತ್ತಾಳೆಂದುಕೊಂಡೆ.

"ತಮ್ಮಾ, ಕಮಲ ಬರಿಯಾಕ ಹೋಗಿ ಎಮ್ಮಿ ಬರದೀಯಲ್ಲೋ" ಅಂದಳು.

೪. ಹೊಸ ಕವರು

ಕೊನೆಗೂ ಹೊಸ ಕವರು, ಅದರ ಪ್ಯಾಕಿಂಗು ಎರಡನ್ನೂ ಕೊಂಡೆ. ಕುರುಗೋಡಿನ ಅದೇ ಉಸ್ತಾದ ಈಗ ನಮ್ಮ ಓಣಿಯ ಮೂಲೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಕಣ್ಣಿಗೆ ಚಾಳೀಸು ಬಂದಿದೆ. ಸ್ಕ್ರೂಗಳನ್ನು ರಟ್ಟಿಗೆ ಚುಚ್ಚಿಟ್ಟ, ಎಣ್ಣೆ ಇಳಿಸಿದ, ಸೀಳಿದ ಕವರನ್ನು ಎತ್ತಿದ. ಹಳೆಯ ಪ್ಯಾಕಿಂಗನ್ನು ಕೆರೆಯಲು ಬ್ಲೇಡು ತೆಗೆದುಕೊಂಡವನು ಹಾಗೇ ನಿಂತ.

"ಡಾಕ್ಟ್ರ, ಇಲ್ನೋಡ್ರಿ."

ಎಣ್ಣೆ ಕುಡಿದು ಕಪ್ಪಾಗಿದ್ದ ಕಾಗದದ ಮೇಲೆ ಆಕೆಯ ಹೆಸರು ಇನ್ನೂ ಓದಲು ಬರುತ್ತಿತ್ತು.

"ಕೆರೀಬ್ಯಾಡ. ಅದನ್ನ ಹಾಕು" ಅಂದೆ.

"ಮತ್ತ ಸೋರತೈತ್ರಿ."

"ಸೋರ್ಲಿ."

"ಹಂಗಾದ್ರ ಹೊಸಾ ಕವರ್ ಯಾಕ್ರಿ?"

"ಆಕಿಗೆ ಮಾತು ಕೊಟ್ಟೀನಪಾ."

ಅವನು ಬ್ಲೇಡು ಕೆಳಗಿಟ್ಟ. ಹಳೆಯ ಪ್ಯಾಕಿಂಗನ್ನು ಮೆಲ್ಲಗೆ ಬಿಡಿಸಿ, ಅಂಟು ಸವರಿ, ಕೂರಿಸಿ, ಹೊಸ ಕವರನ್ನು ಬಿಗಿದ. "ಅಂಟು ಒಣಗ್ಲಿ, ನಾಳಿ ಚಾಲೂ ಮಾಡ್ರಿ" ಅಂದ. ತಳ್ಳಿಕೊಂಡು ಮನೆಗೆ ತಂದೆ.

ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಒಂದು ತೊಟ್ಟೂ ಇಲ್ಲ! ಒಳಗೆ ಓಡಿ ಆಕೆಯ ಫೋಟೋದ ಮುಂದೆ ನಿಂತು, "ನಿಂತು ಹೋತು ನೋಡು. ಮತ್ತ ನಿನ್ನ ಹೆಸರ ಬೇಕಾತು" ಎಂದು ಗಳಗಳ ಅತ್ತೆ. ಕಣ್ಣೊರೆಸಿಕೊಂಡು ಬಂದು ದಿನದಂತೆ ರಂಗೋಲಿ ಹಾಕಿ ಮುಗಿಸುವಷ್ಟರಲ್ಲಿ ಉಸ್ತಾದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬಂದ.

"ಡಾಕ್ಟ್ರ, ಚಾಲೂ ಮಾಡಬ್ಯಾಡ್ರಿ! ನಿನ್ನಿ ಅಕ್ಕಾರ ಹೆಸರು ನೋಡಿ ಮನಸ್ಸು ಎಲ್ಲೋ ಹೋತು. ಗಾಡಿಗೆ ಎಣ್ಣೀನ ಹಾಕಿಲ್ರಿ!"

ಎಣ್ಣೆ ಹಾಕಿ, ಕಿಕ್ ಹೊಡೆದು, ಇಬ್ಬರೂ ಬಗ್ಗಿ ಕೂತು ಕಾದೆವು. ಸ್ವಲ್ಪ ಹೊತ್ತಿಗೆ ಕವರಿನ ಕೆಳಗೆ ಒಂದು ತೊಟ್ಟು ಕಟ್ಟಿತು, ತೂಗಾಡಿತು, ಬಿತ್ತು.

ಉಸ್ತಾದನ ಮುಖ ಸಣ್ಣದಾಯಿತು. "ಇನ್ನೊಮ್ಮಿ ಬಿಚ್ಚಲೇನ್ರಿ?"

ನಾನು ನೆಲ ನೋಡಿದೆ. ನನ್ನ ಕೈಗೂ ಆಕೆಯದೇ ರೂಢಿ ಬಂದಿತ್ತು.

"ಬ್ಯಾಡ ಬಿಡಪಾ" ಅಂದೆ. "ರಂಗೋಲ್ಯಾಗ ಜಾಗ ಬಿಟ್ಟೀನಿ."