ಸೀರೆ ಅಂಗಡಿಯ ಪಾಯಿಖಾನೆ ಬೀಗಕ್ಕೊಂದು ಅರಿಕೆ

ಲಷ್ಕರ್ ಮೊಹಲ್ಲಾದ ನಮ್ಮ ಸೀರೆ ಅಂಗಡಿಯಲ್ಲಿ, ಮೆಟ್ಟಿಲ ಕೆಳಗಿನ ಪಾಯಿಖಾನೆಯ ಬಾಗಿಲಿಗೆ ಹನ್ನೊಂದು ವರ್ಷಗಳಿಂದ ಅಂಟಿಕೊಂಡು ಸೇವೆ ಸಲ್ಲಿಸುತ್ತಿರುವ ಬೀಗ ಮಹಾಶಯರಿಗೆ, ಅಷ್ಟೇ ವರ್ಷಗಳಿಂದ ಅದೇ ಅಂಗಡಿಯಲ್ಲಿ ನಿಂತು ಸೀರೆ ತೋರಿಸುತ್ತಿರುವ ಕೆಸರೆಯ ಶಿವನಂಜಮ್ಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ; ತಮಗೆ ತುಕ್ಕು ಹಿಡಿಯದಂತೆ ಮಾಲೀಕರಾದ ಗುರುಸಿದ್ದಯ್ಯನವರು ತಪ್ಪದೆ ಎಣ್ಣೆ ಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಬಲ ಮೂತ್ರಪಿಂಡಕ್ಕೆ ಮಾತ್ರ ಈ ವರ್ಷ ಮೂರನೆಯ ಸಲ ಸೋಂಕು ತಗುಲಿ, ಚಳಿಜ್ವರ ಬಂದು, ಸೊಂಟದಲ್ಲಿ ಒನಕೆಯಿಂದ ಕುಟ್ಟಿದಂತಾಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದೆ.

ಕಾರಣ ಹುಡುಕಲು ಡಾಕ್ಟರಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಸಕ್ಕರೆ ಕಾಯಿಲೆ ಇಲ್ಲ, ಕಲ್ಲಿಲ್ಲ, ಹುಟ್ಟಿನಿಂದ ಬಂದ ದೋಷವೂ ಇಲ್ಲ. ಅತ್ತೆ ಬಸವಮ್ಮನವರು "ಉಷ್ಣ ಕಣಮ್ಮ, ಬದ್ನೆಕಾಯಿ ಬುಟ್ಬುಡು" ಎಂದು ತೀರ್ಪು ಕೊಟ್ಟು, ದಿನಾ ಒಂದು ಬಾಟಲಿ ಬಾರ್ಲಿ ನೀರು ಕಟ್ಟಿಕೊಟ್ಟರು. ಅದನ್ನು ನಾನು ಗಲ್ಲಾ ಪಕ್ಕದ ಹೂಕುಂಡಕ್ಕೆ ಸುರಿದು, ಡಾಕ್ಟರಮ್ಮನ ಬಳಿ ಪೂರ್ತಿ ಕುಡಿದೆನೆಂದು ಸುಳ್ಳು ಹೇಳುತ್ತಿದ್ದೆ. ಕುಡಿದರೆ ತಮ್ಮ ದರ್ಶನಕ್ಕೆ ಬರಬೇಕಲ್ಲ! ಗಿಡ ಸೊಂಪಾಗಿದೆ, ಅದಕ್ಕೆ ಯಾವ ಸೋಂಕೂ ಇಲ್ಲ.

ತಮ್ಮ ಬೀಗದಕೈ ಮಾಲೀಕರ ಜೇಬಿನಲ್ಲಿರುತ್ತದೆ. ಮದುವೆ ಜವಳಿಗೆ ಬಂದ ಹತ್ತು ಜನರ ಮುಂದೆ ಕೇಳಬೇಕು. ಅವರು "ಈಗ್ ತಾನೇ ಹೋಗಿದ್ರಲ್ಲಮ್ಮ" ಎಂದು ಅಂಗಡಿಗೆಲ್ಲ ಕೇಳುವಂತೆ ವಿಚಾರಿಸಿಯೇ ಕೊಡುತ್ತಾರೆ. ಹೀಗಾಗಿ ನಾವು ಐದು ಹೆಂಗಸರು ಬೆಳಗಿನ ಕಾಫಿಯಾದ ಮೇಲೆ ಅಂಗಡಿ ಮುಚ್ಚುವವರೆಗೆ ಹನಿ ನೀರು ಮುಟ್ಟದ ವ್ರತ ಹಿಡಿದಿದ್ದೇವೆ. ಗಿರಾಕಿಗಳಿಗೆ ತಣ್ಣೀರು ಕೊಡುವ ಕೆಲಸವೂ ನಮ್ಮದೇ. ಕಳೆದ ತಿಂಗಳು ಸೇರಿದ ಗಗನಳಿಗೆ ಮೊದಲ ದಿನವೇ ಈ ವ್ರತ ಹೇಳಿಕೊಟ್ಟವಳು ನಾನು. ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ತಮ್ಮ ಹಿಂದೆ ಮಾತ್ರ, ಸೀರೆ ಉಡಿಸಿ ನಿಲ್ಲಿಸುತ್ತಿದ್ದ, ಈಗ ಕೈ ಮುರಿದ ನಾಲ್ಕು ಬೊಂಬೆಗಳು ಹಾಯಾಗಿ ನಿಂತಿವೆ, ಅವಕ್ಕೆ ಯಾರನ್ನೂ ಕೇಳುವ ಪ್ರಮೇಯವಿಲ್ಲ.

ಬಲ ಮೂತ್ರಪಿಂಡದ ಮೇಲೆ ಕಲೆ ಬಿದ್ದಿದೆ, ಹೀಗೇ ಮರುಕಳಿಸಿದರೆ ಅದರ ಆಸೆ ಬಿಡಬೇಕಾದೀತು ಎಂದು ಡಾಕ್ಟರಮ್ಮ ಹೇಳಿದಾಗ ಹೆದರಿ ನಿಜ ಹೇಳಿಬಿಟ್ಟೆ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ "ಚೆನ್ನಾಗಿ ನೀರು, ಮೂರು ಗಂಟೆಗೊಮ್ಮೆ ಹೋಗಿಬರುವುದು" ಎಂದು ಬರೆದರು. ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಎರಡನೆಯದು ತಮ್ಮಲ್ಲೇ ಸಿಗಬೇಕು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಇಲವಾಲದ ಕಡೆ ಒಂದಿಷ್ಟು ದಿನ ಹವಾ ಬದಲಾವಣೆಗೆ ಹೋಗಬೇಕು. ಆಗದಿದ್ದರೆ ನನ್ನ ಮೂತ್ರಪಿಂಡದ ಕೆಲಸವನ್ನೂ ತಾವೇ ವಹಿಸಿಕೊಳ್ಳಬೇಕು. ತಡೆದು ಹಿಡಿಯುವುದರಲ್ಲಿ ತಮ್ಮಷ್ಟು ನುರಿತವರು ಮೈಸೂರಿನಲ್ಲಿ ಇನ್ನೊಬ್ಬರಿಲ್ಲ.

ಇಷ್ಟು ವರ್ಷ ತಡೆದುಕೊಂಡೇ ಇದ್ದ,
ತಮ್ಮ ವಿಶ್ವಾಸಿ
ಶಿವನಂಜಮ್ಮ

ವಿ.ಸೂ.: ಇಂದು ಬಾರ್ಲಿ ನೀರನ್ನು ಗಿಡಕ್ಕೆ ಹಾಕಿಲ್ಲ. ನಾನು ಅದನ್ನು, ಉಳಿದ ನಾಲ್ವರು ಒಂದೊಂದು ಬಾಟಲಿ ನೀರನ್ನು ಖಾಲಿ ಮಾಡಿ, ಐದೂ ಜನ ಸೀರೆ ಹರಡುವ ಬಿಳಿ ಗಾದಿಯ ಮೇಲೆ ಸಾಲಾಗಿ ಕುಳಿತು, ಗಿರಾಕಿಗಳ ಮುಂದೆಯೇ ಬೀಗದಕೈ ಕೇಳಿದ್ದೇವೆ. ಮಾಲೀಕರು ಇನ್ನೂ ಜೇಬು ತಡಕುತ್ತಿದ್ದಾರೆ. ಅವಸರವೇನಿಲ್ಲ, ಆದರೆ ಗಾದಿ ತೊಳೆಯಲು ಇಡೀ ಅಂಗಡಿಗಿರುವ ಒಂದೇ ಒಂದು ಕೊಳಾಯಿ ತಮ್ಮ ಹಿಂದೆಯೇ ಇದೆ.